ಕುಂಕುಮ ಮೆತ್ತಿದ ಕಂಪ್ಯೂಟರ್

2024ರ ಜುಲೈ ತಿಂಗಳು. ನಾನು ಕೆಲಸದಿಂದ ನಿವೃತ್ತಳಾಗಿ ಏಳು ವರ್ಷವಾಗಿತ್ತು. ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರ ಕಂಪ್ಯೂಟರ್ ನಿರ್ವಹಣಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಸರ್ವೀಸ್ ಎಂಜಿನಿಯರ್ ಆಗಿದ್ದವಳು ನಾನು. ಈಗ ಗವಿಪುರಂನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಅಲ್ಲಿ ಒಂದು ಉದ್ದನೆಯ ಮೇಜು, ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಒಂದು ಹಳೆಯ ಆಸಿಲೋಸ್ಕೋಪ್, ಎರಡು ಸೋಲ್ಡರಿಂಗ್ ಐರನ್, ಮತ್ತು ಗುಜರಿಗೆ ಹೋಗುತ್ತಿದ್ದ ಬೋರ್ಡುಗಳಿಂದ ನಾನು ವರ್ಷಗಟ್ಟಲೆ ಕಿತ್ತಿಟ್ಟುಕೊಂಡ ಚಿಪ್‌ಗಳು ತುಂಬಿದ ಬಿಸ್ಕತ್ತಿನ ಡಬ್ಬಗಳಿವೆ. ಹಳೆಯ ಕಂಪ್ಯೂಟರ್ ಕೆಟ್ಟರೆ ಯಾರೋ ಯಾರಿಗೋ ಹೇಳಿ ಕೊನೆಗೆ ನನ್ನ ಬಾಗಿಲಿಗೆ ಬರುತ್ತಾರೆ.

ಬರುವವರಲ್ಲಿ ಅರ್ಧ ಜನರನ್ನು ಕಂಡರೆ ನನಗೆ ಆಗುವುದಿಲ್ಲ. 'ವಿಂಟೇಜ್' ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಇಪ್ಪತ್ತು ವರ್ಷ ಅಟ್ಟದ ಮೇಲೆ ಇಲಿಗೆ ಬಿಟ್ಟುಕೊಟ್ಟಿದ್ದ ವಸ್ತು ಇವರ ಬಾಯಲ್ಲಿ ರಾತ್ರಿ ಕಳೆದು ಬೆಳಗಾಗುವುದರೊಳಗೆ ವಿಂಟೇಜ್ ಆಗಿಬಿಡುತ್ತದೆ. ಅದನ್ನು ಓಡಿಸುವ ಆಸೆ ಒಬ್ಬರಿಗೂ ಇರುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಅವರ ಕೆಲಸ ಮುಗಿಯಿತು.

ಮುನಿರಾಜು ಬಂದದ್ದು ಆ ತಿಂಗಳ ಮೊದಲ ವಾರ. ಚಾಮರಾಜಪೇಟೆಯ ಸೈಟು, ಕಟ್ಟಡಗಳ ವ್ಯವಹಾರಸ್ಥ. ವಯಸ್ಸು ನಲವತ್ತೊಂಬತ್ತು, ಇಸ್ತ್ರಿ ಮುರಿಯದ ಬಿಳಿ ಶರಟು, ಕೈಯಲ್ಲಿ ದಪ್ಪನೆಯ ಕಡಗ. ಅವರ ಡ್ರೈವರ್ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ತಂದು ನನ್ನ ಮೇಜಿನ ಮೇಲಿಟ್ಟ. ಹಿಂದೆಯೇ ಬಟ್ಟೆಯ ಚೀಲ ಹಿಡಿದ ಒಬ್ಬ ಹೆಂಗಸು ಬಂದು ಬಾಗಿಲ ಬಳಿ ನಿಂತರು. ಗವಿ ಗಂಗಾಧರೇಶ್ವರನ ದರ್ಶನಕ್ಕೆಂದು ಜೊತೆಯಲ್ಲಿ ಬಂದವರಿರಬೇಕು ಎಂದುಕೊಂಡೆ. ಮುನಿರಾಜುಗೆ ಕುರ್ಚಿ ಕೊಟ್ಟೆ. ಆಕೆಗೆ ಕೊಡಲಿಲ್ಲ. ಇದನ್ನು ಈಗಲೇ ಬರೆದಿಡುತ್ತೇನೆ, ಆಮೇಲೆ ಮರೆತೆನೆನ್ನಬಾರದು.

ಗಂಟು ಬಿಚ್ಚಿದರೆ ಎಂಬತ್ತರ ದಶಕದ ಪುಟ್ಟ ಹೋಮ್ ಕಂಪ್ಯೂಟರ್. ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡು ಅಂಗೈಯಗಲದ ಕರಿಯ ಡಬ್ಬ, ಮೇಲೆ ರಬ್ಬರಿನ ಬೂದು ಕೀಲಿಗಳು. ಇದಕ್ಕೆ ಸ್ವಂತ ಪರದೆಯಿಲ್ಲ, ಟಿವಿಗೆ ಜೋಡಿಸಬೇಕು. ಡಿಸ್ಕ್ ಇಲ್ಲ, ಪ್ರೋಗ್ರಾಂ ಎಲ್ಲ ಹಾಡಿನ ಕ್ಯಾಸೆಟ್ಟಿನಿಂದಲೇ ಬರಬೇಕು. ಕರಿಯ ಡಬ್ಬ ಎಂದೆನಲ್ಲ, ಆ ಕಪ್ಪು ಕಾಣುತ್ತಿದ್ದುದು ಅಂಚಿನಲ್ಲಿ ಮಾತ್ರ. ಮಿಕ್ಕದ್ದೆಲ್ಲ ಅರಿಸಿನ, ಕುಂಕುಮ, ವಿಭೂತಿ.

"ಇದು ನಮ್ ಲಕ್ಕಿ ಪೀಸು ಮೇಡಂ," ಎಂದರು ಮುನಿರಾಜು. "ಹನ್ನೊಂದು ವರ್ಷದೋನಿದ್ದಾಗ ನಾನು ಇದ್ರಲ್ಲಿ ಪ್ರೋಗ್ರಾಂ ಬರ್ದಿದ್ದೆ. ಸೈಟಿನ ಅಳತೆ ಹಾಕಿದ್ರೆ ಚದರಡಿ ಹೇಳೋದು. ನಮ್ ಬಿಸಿನೆಸ್ ಶುರುವಾಗಿದ್ದೇ ಅಲ್ಲಿಂದ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಕಟ್ಟಡದ ಓಪನಿಂಗು. ಲಾಬೀಲಿ ಇಡ್ಬೇಕು, ಆನ್ ಆಗ್ಬೇಕು, ಅಷ್ಟೆ."

"ನೋಡೋಣ. ಆಗದೇ ಇರಬಹುದು," ಎಂದೆ.

"ಆಗ್ಲಿಲ್ಲ ಅಂದ್ರೆ ಒಳಗಿರೋದೆಲ್ಲ ಕಿತ್ತಾಕ್ಬಿಟ್ಟು ಒಂದು ಟ್ಯಾಬ್ ಕೂರ್ಸಿ ಮೇಡಂ. ಯಾರಿಗ್ ಗೊತ್ತಾಗುತ್ತೆ?"

ತಾನು ಲಕ್ಷ್ಮಿ ಎಂದು ಪೂಜಿಸುವ ವಸ್ತುವಿನ ಕರುಳು ಕಿತ್ತು ಹಾಕಲು ಹೇಳಿದ ಆ ಮನುಷ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಂಥ ಕೆಲಸ ನಾನು ಮಾಡುವುದಿಲ್ಲ ಎಂದೆ. "ಸರಿ ಸರಿ, ನಿಮ್ಮಿಷ್ಟ" ಎಂದು ಎದ್ದರು. ಹೋಗುವ ಮುನ್ನ ಕೇಳಿದೆ, ಅಡಾಪ್ಟರ್ ಯಾವುದು ಬಳಸುತ್ತಿದ್ದಿರಿ ಎಂದು. ಜೇಬಿನಿಂದ ಒಂದು ಕಪ್ಪು ಅಡಾಪ್ಟರ್ ತೆಗೆದಿಟ್ಟು "ಅದರದ್ದೇ, ಒರಿಜಿನಲ್ಲು" ಎಂದರು. ಬಾಗಿಲಲ್ಲಿ ನಿಂತ ಹೆಂಗಸು ಏನೋ ಹೇಳಲು ಬಾಯಿ ತೆರೆದಂತಿತ್ತು. ಮುನಿರಾಜು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾನೂ ಆಕೆಯತ್ತ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಐದು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ಎತ್ತಿದೆ. ಮೊದಲು ಬಂದದ್ದು ವಾಸನೆ. ಜಿರಳೆ, ಹಳೆಯ ಕರ್ಪೂರ, ಕೊಳೆತು ಒಣಗಿದ ಸೇವಂತಿಗೆ ಮೂರೂ ಬೆರೆತ ವಾಸನೆ. ಕಿಟಕಿ ತೆರೆದು ಮೂಗಿಗೆ ಸೆರಗು ಕಟ್ಟಿಕೊಂಡು ಕೂತೆ. ಕೀಲಿಗಳ ಕೆಳಗೆ ಕುಂಕುಮ ನೀರು ಕುಡಿದು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಅದರೊಳಗೆ ಅಕ್ಷತೆಯ ಕಾಳುಗಳು, ಇರುವೆಗಳ ಹೆಣ, ಕಲ್ಲುಸಕ್ಕರೆಯ ಚೂರು. ಬೋರ್ಡಿನ ಒಂದು ಮೂಲೆಯಲ್ಲಿ ಜಿರಳೆ ಮೊಟ್ಟೆಗಳ ಸಾಲು, ಇನ್ನೊಂದು ಮೂಲೆಯಲ್ಲಿ ಒಣಗಿ ಚಪ್ಪಟೆಯಾದ ಒಂದು ಹಲ್ಲಿ. ಕಾರ್ಖಾನೆಯಲ್ಲಿ ಪ್ರಿಂಟರಿನೊಳಗೆ ಇಲಿಮರಿ ತೆಗೆದವಳು ನಾನು, ಆದರೂ ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಇದು ಹೇಗಾಯಿತೆಂದು ಫೋನಿನಲ್ಲಿ ಮುನಿರಾಜು ಹೆಮ್ಮೆಯಿಂದಲೇ ವಿವರಿಸಿದರು. ಪ್ರತಿವರ್ಷ ಆಯುಧಪೂಜೆಗೆ ಕಾರು, ಬೈಕುಗಳ ಜೊತೆ ಇದನ್ನೂ ಸಾಲಿಗೆ ಇಡುತ್ತಾರೆ. ಅರಿಸಿನ, ಕುಂಕುಮ, ತೀರ್ಥ ಪ್ರೋಕ್ಷಣೆ, ಎದುರಿಗೆ ಬೂದುಗುಂಬಳ ಒಡೆಯುವುದು. ಆಮೇಲೆ?

"ಆಯುಧಪೂಜೆ ದಿನ ಗಾಡಿ ಸ್ಟಾರ್ಟ್ ಮಾಡಲ್ವಾ ಮೇಡಂ, ಹಂಗೇ ಇದಕ್ಕೂ ಕರೆಂಟ್ ಕೊಡ್ತೀವಿ. ವರ್ಷಕ್ಕೊಂದ್ಸಲ. ಎರಡು ವರ್ಷದ ಹಿಂದೆ ಕೊಟ್ವಿ, ಟಪ್ ಅಂತು."

ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಸ್ಟಾರ್ಟ್ ಮಾಡಿದ ಹಾಗೆ, ತೀರ್ಥ ಚಿಮುಕಿಸಿದ ಕಂಪ್ಯೂಟರಿಗೆ ಹಸಿ ಆರುವ ಮೊದಲೇ ಕರೆಂಟು ಕೊಟ್ಟಿದ್ದಾರೆ, ಒಂದೆರಡು ವರ್ಷವಲ್ಲ, ಮೂವತ್ತು ಚಿಲ್ಲರೆ ವರ್ಷ. ನಾನು ದೇವರನ್ನು ನಂಬದವಳಲ್ಲ. ನನ್ನ ಆಸಿಲೋಸ್ಕೋಪಿಗೂ ಆ ದಿನ ಒಂದು ಹೂವಿಡುತ್ತೇನೆ, ಸಂಜೆಗೆ ತೆಗೆಯುತ್ತೇನೆ. ಆಯುಧಪೂಜೆ ಎಂದರೆ ಆಯುಧವನ್ನು ಮೊದಲು ಒರೆಸಿ, ಎಣ್ಣೆ ಹಾಕಿ ಸ್ವಚ್ಛ ಮಾಡುವ ಹಬ್ಬ ಎಂದು ನನ್ನ ತಂದೆ ಹೇಳುತ್ತಿದ್ದರು. ಅವರು ಲೇತ್ ಮಷಿನ್ ನಡೆಸುತ್ತಿದ್ದವರು. ಇಲ್ಲಿ ಒರೆಸುವುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಡೆದಿತ್ತು.

ತೊಳೆಯಲು ಮೂರು ದಿನ ಹಿಡಿಯಿತು. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಕೀಲಿಗಳ ಕೆಳಗಿರುವ, ಒತ್ತಿದ್ದನ್ನು ಬೋರ್ಡಿಗೆ ತಿಳಿಸುವ ಪ್ಲಾಸ್ಟಿಕ್ ಹಾಳೆಗೆ ಮೆಂಬ್ರೇನ್ ಎನ್ನುತ್ತಾರೆ. ಅದು ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಹೊಸದನ್ನು ಹೊರದೇಶದಿಂದ ತರಿಸಬೇಕಾಯಿತು. ಒಳಗೆ ಇನ್ನೊಬ್ಬ ಮಹಾನುಭಾವನ ಕೈವಾಡವೂ ಕಂಡಿತು. ಯಾವನೋ ಮೊಬೈಲಿನಲ್ಲಿ ವಿಡಿಯೋ ನೋಡಿ ರಿಪೇರಿಗೆ ಕೂತವನು, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಎರಡು ಕೆಪಾಸಿಟರುಗಳನ್ನು ಕಿತ್ತು, ಹೊಸದನ್ನು ಬೆಸುಗೆ ಹಾಕದೆ ಗ್ಲೂ ಗನ್ನಿನಿಂದ ಅಂಟಿಸಿದ್ದ. ಅಂಟು! ಕೆಪಾಸಿಟರ್ ಎಂದರೆ ಗೋಡೆಗೆ ಅಂಟಿಸುವ ದೇವರ ಪಟವೆಂದು ತಿಳಿದಿದ್ದನೋ ಏನೋ.

ಇಷ್ಟೆಲ್ಲ ಆದ ಮೇಲೂ ಮೂಲ ದೋಷ ಬೇರೆಯೇ ಇತ್ತು. ಈ ಯಂತ್ರದ ಎಂಟು ಮೆಮರಿ ಚಿಪ್‌ಗಳಿಗೆ ಮೂರು ಬಗೆಯ ವೋಲ್ಟೇಜ್ ಬೇಕು: ಪ್ಲಸ್ ಐದು, ಪ್ಲಸ್ ಹನ್ನೆರಡು, ಮೈನಸ್ ಐದು. ಒಂಬತ್ತು ವೋಲ್ಟಿನ ಅಡಾಪ್ಟರಿನಿಂದ ಈ ಮೂರನ್ನೂ ಯಂತ್ರವೇ ಒಳಗೆ ತಯಾರಿಸಿಕೊಳ್ಳುತ್ತದೆ. ಮೈನಸ್ ಐದು ಬಾರದೆ ಮಿಕ್ಕೆರಡು ಬಂದರೆ ಚಿಪ್ ಸತ್ತಂತೆ. ಇಲ್ಲಿ ಆ ವೋಲ್ಟೇಜ್ ತಯಾರಿಸುವ ಟ್ರಾನ್ಸಿಸ್ಟರ್ ಸುಟ್ಟಿತ್ತು, ಎಂಟರಲ್ಲಿ ಆರು ಚಿಪ್ ಸತ್ತಿದ್ದವು. ಆ ಬಗೆಯ ಚಿಪ್ ಈಗ ತಯಾರಾಗುವುದಿಲ್ಲ. ನನ್ನ ಬಿಸ್ಕತ್ತಿನ ಡಬ್ಬದಲ್ಲಿ ಹನ್ನೊಂದು ಇದ್ದವು. ಟ್ರಾನ್ಸಿಸ್ಟರ್ ಬದಲಿಸಿ, ಆರು ಚಿಪ್ ತೆಗೆದು ಹಾಕಿದೆ.

ಜುಲೈ ಮೂರನೆಯ ವಾರ ಮೆಂಬ್ರೇನ್ ಬಂತು. ಜೋಡಿಸಿ ಮುಗಿಸಿ, ಮೊದಲ ಸಲ ಕರೆಂಟು ಕೊಡುವುದನ್ನು ಬಂದು ನೋಡಿ ಎಂದು ಮುನಿರಾಜುಗೆ ಫೋನ್ ಮಾಡಿದೆ. ಅವರು ಬರಲಿಲ್ಲ. ಬಂದದ್ದು ಬಟ್ಟೆಯ ಚೀಲದ ಆ ಹೆಂಗಸು.

"ನಾನು ಜಯಲಕ್ಷ್ಮಿ. ಮುನೀ ಅಕ್ಕ. ಅವನು ಬಿಜಿಯಂತೆ, ನಾನು ನೋಡ್ಕೊಂಡು ಹೋಗ್ಲಾ?"

ಈ ಸಲ ಸ್ಟೂಲು ಕೊಟ್ಟೆ. ನಂತರ ಆಕೆಗೆ ಬೆನ್ನು ಮಾಡಿ ಕೂತು, ಮುನಿರಾಜು ಕೊಟ್ಟ ಅಡಾಪ್ಟರನ್ನು ಮೀಟರಿಗೆ ಹಿಡಿದೆ. ಹನ್ನೆರಡು ವೋಲ್ಟ್ ತೋರಿಸಿತು. ಹಳೆಯ ಕಾಲದ ಒಂಬತ್ತು ವೋಲ್ಟಿನ ಅಡಾಪ್ಟರುಗಳು ಖಾಲಿ ಇದ್ದಾಗ ಹನ್ನೆರಡು, ಹದಿಮೂರು ತೋರಿಸುವುದು ಸಹಜ, ಹಾಗಾಗಿ ಅನುಮಾನ ಬರಲಿಲ್ಲ. ಅದರ ಮೇಲಿನ ಚೀಟಿ ಕುಂಕುಮದಲ್ಲಿ ಕರಗಿಹೋಗಿತ್ತು. ಅಂಕಿ ನೋಡಿದೆ, ಅಂಕಿಯ ಹಿಂದೆ ಪ್ಲಸ್ಸೋ ಮೈನಸ್ಸೋ ಎಂಬ ಗುರುತು ನೋಡಲಿಲ್ಲ. ಪಿನ್ನನ್ನು ಯಂತ್ರಕ್ಕೆ ಸಿಕ್ಕಿಸಿದೆ.

ಟಪ್. ಎಳೆಯಾಗಿ ಹೊಗೆ ಎದ್ದಿತು. ನಾನು ವೈರ್ ಕಿತ್ತೆ.

"ಅಯ್ಯೋ, ಅದಕ್ಕೆ ಒಳಗೆ ಮೈನಸ್ಸು ಮೇಡಂ," ಎಂದರು ಜಯಲಕ್ಷ್ಮಿ. "ಪಿನ್ನಿನ ಒಳಗೆ ಮೈನಸ್ಸು, ಹೊರಗೆ ಪ್ಲಸ್ಸು. ಬೇರೇದಕ್ಕೆಲ್ಲ ಉಲ್ಟಾ ಇರುತ್ತೆ, ಇದಕ್ಕೆ ಮಾತ್ರ ಹಿಂಗೆ ಅಂತ ನಮ್ ಸೋದರಮಾವ ಹೇಳ್ಕೊಟ್ಟಿದ್ರು. ಇದು ನಮ್ಮನೆ ಹಳೇ ಅಡಾಪ್ಟರ್ ಅಲ್ಲ. ಆಫೀಸಿನ ಕ್ಯಾಮೆರಾದ್ದು."

ಹಳೆಯ ಅಡಾಪ್ಟರ್ ಕಳೆದುಹೋದಾಗ ಆಯುಧಪೂಜೆಯ ದಿನ ಪಿನ್ ಹಿಡಿಸಿತೆಂದು ಸಿಸಿಟಿವಿ ಕ್ಯಾಮೆರಾದ ಅಡಾಪ್ಟರನ್ನು ಸಿಕ್ಕಿಸಿದ್ದಾರೆ. ಅದೇ ಯಂತ್ರವನ್ನು ಮೊದಲು ಕೊಂದದ್ದು. ಈಗ ಅದರಿಂದಲೇ ನಾನು ಎರಡನೆಯ ಸಲ ಕೊಂದಿದ್ದೆ. ಇನ್ನೂ ನಾಲ್ಕು ಚಿಪ್ ಹೋದವು.

"ಅವತ್ತೇ ಯಾಕೆ ಹೇಳಲಿಲ್ಲ ಅಮ್ಮಾ?" ಎಂದೆ. ದನಿ ಗಡುಸಾಗಿಯೇ ಬಂದಿರಬೇಕು.

"ನೀವು ನನ್ನ ಕೇಳ್ಲಿಲ್ಲವಲ್ಲ."

ಆ ಮಾತು ಕೇಳಿ ನನಗೆ ಬಂದ ಹೇಸಿಗೆ ಜಿರಳೆಯನ್ನು ಕಂಡಾಗಲೂ ಬಂದಿರಲಿಲ್ಲ, ಅದೂ ನನ್ನ ಮೇಲೆ. ಮೂವತ್ತೆರಡು ವರ್ಷ ನಾನು ಟೂಲ್ ಬ್ಯಾಗ್ ಹಿಡಿದು ಯಾವ ಆಫೀಸಿನ ಬಾಗಿಲಿಗೆ ಹೋದರೂ ಜನ ನನ್ನ ಬೆನ್ನ ಹಿಂದೆ ಇಣುಕಿ "ಎಂಜಿನಿಯರ್ ಎಲ್ಲಿ?" ಎಂದು ಕೇಳುತ್ತಿದ್ದರು. ಪ್ರತಿಸಲವೂ ಮೈ ಉರಿದುಕೊಂಡವಳು ನಾನೇ ಈ ಹೆಂಗಸಿನ ಬೆನ್ನ ಹಿಂದೆ ಇಣುಕಿ ಗಂಡಸನ್ನು ಹುಡುಕಿದ್ದೆ. ಕ್ಷಮಿಸಿ ಎಂದೆ. ಕಾಫಿ ಮಾಡಿಕೊಂಡು ಬಂದೆ. ಆಮೇಲೆ ಕೇಳಿದೆ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು: "ಇದನ್ನು ಓಡಿಸುತ್ತಿದ್ದವರು ಯಾರು?"

ಜಯಲಕ್ಷ್ಮಿ ಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲಿಟ್ಟರು. ಒಂದು, ತಮ್ಮನ ಕಂಪನಿಯ ಹೊಳೆಯುವ ಕಾಗದದ ಪುಸ್ತಿಕೆ. ಇನ್ನೊಂದು, ಭಕ್ತಿಗೀತೆಯ ಚೀಟಿ ಅಂಟಿಸಿದ್ದ ಹಳೆಯ ಕ್ಯಾಸೆಟ್ಟು.

ಅವರು ಹೇಳಿದ್ದು ಇಷ್ಟು. 1986ರಲ್ಲಿ ಮಸ್ಕತ್ತಿನಿಂದ ಬಂದ ಸೋದರಮಾವ ಈ ಯಂತ್ರ ತಂದುಕೊಟ್ಟರು. ಆಗ ಜಯಲಕ್ಷ್ಮಿ ಸೆಕೆಂಡ್ ಪಿಯುಸಿ, ಮುನಿರಾಜು ಹನ್ನೊಂದರ ಹುಡುಗ. ತಂದೆ ಸೈಟು ಕೊಡಿಸುವ ದಲ್ಲಾಳಿ. ಸೊಟ್ಟ ಸೈಟು ಬಂದರೆ ದಲ್ಲಾಳಿಗಳ ಲೆಕ್ಕ ಸುಲಭ: ಎದುರುಬದುರಿನ ಬದಿಗಳ ಸರಾಸರಿ ತೆಗೆದು ಗುಣಿಸುವುದು. ಹಾಗೆ ಗುಣಿಸಿದರೆ ಸೊಟ್ಟ ಸೈಟು ಯಾವಾಗಲೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜಯಲಕ್ಷ್ಮಿ ಕಾಲೇಜಿನ ಗಣಿತ ಹಿಡಿದು, ನಾಲ್ಕು ಬದಿಗಳ ಜೊತೆಗೆ ಮೂಲೆಯಿಂದ ಮೂಲೆಗೆ ಐದನೆಯ ಅಳತೆಯೊಂದನ್ನು ಕೇಳಿ, ಸೈಟನ್ನು ಎರಡು ತ್ರಿಕೋನ ಮಾಡಿ ನಿಜವಾದ ಚದರಡಿ ಹೇಳುವ ಪ್ರೋಗ್ರಾಂ ಬರೆದರು. ತಂದೆ ಕೊಳ್ಳುವಾಗ ಅದನ್ನು ಬಳಸಿದರು, ಮಾರುವಾಗ ಹಳೆಯ ಲೆಕ್ಕವನ್ನೇ ಬಳಸಿದರು. ಮನೆ ಮೇಲೆದ್ದಿತು. ಮಗಳ ಓದನ್ನು ಅಲ್ಲಿಗೆ ನಿಲ್ಲಿಸಿ ಮದುವೆ ಮಾಡಿದರು. ಮೂವತ್ತು ವರ್ಷ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದರು ಜಯಲಕ್ಷ್ಮಿ.

ಪುಸ್ತಿಕೆಯ ಎರಡನೆಯ ಪುಟದಲ್ಲಿ ಯಂತ್ರದ ಫೋಟೋ, ಪಕ್ಕದಲ್ಲಿ ಕೈಕಟ್ಟಿ ನಿಂತ ಮುನಿರಾಜು. ಹನ್ನೊಂದನೆಯ ವಯಸ್ಸಿನಲ್ಲಿ, ನಾಲ್ಕು ಬದಿಯ ಅಳತೆ ಕೊಟ್ಟರೆ ಚದರಡಿ ಹೇಳುವ ಪ್ರೋಗ್ರಾಂ ಬರೆದ ಪ್ರತಿಭೆ ಎಂದು ಕೆಳಗೆ ಅಚ್ಚಾಗಿತ್ತು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಓದಿ ಆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ದೂರ ಇಟ್ಟೆ.

"ಮೊದಲು ತಮಾಷೆಗೆ ಹೇಳ್ತಿದ್ದ," ಎಂದರು ಜಯಲಕ್ಷ್ಮಿ. "ಆಮೇಲೆ ಅವನೇ ನಂಬ್ಬಿಟ್ಟ. ನಾನೊಂದ್ಸಲ ಹೇಳ್ದೆ, ಬರ್ದಿದ್ದು ನಾನಲ್ವೇನೋ ಅಂತ. ಎಲ್ಲರ ಮುಂದೆ ನಕ್ಬಿಟ್ಟ, ಅಕ್ಕಂಗೆ ವಯಸ್ಸಾಯ್ತು ಅಂತ. ನಂಗೆ ಆಸ್ತಿ ಬೇಡ, ಭಾಗ ಬೇಡ ಮೇಡಂ. ಬರ್ದಿದ್ದು ನಾನು ಅಂತ ಅವನ ಬಾಯಲ್ಲಿ ಬರ್ಬೇಕು. ಒಂದೇ ಒಂದ್ಸಲ."

ಈಗ ಈ ಯಂತ್ರದ ನಕಲನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು, ಕ್ಯಾಸೆಟ್ಟು ಸಾಕು ಎಂದು ಹೇಳಿದೆ. ಅವರು ತಲೆಯಾಡಿಸಿದರು. "ಲ್ಯಾಪ್‌ಟಾಪಲ್ಲಿ ಯಾರ್ ಏನ್ ಬೇಕಾದ್ರೂ ಟೈಪ್ ಮಾಡ್ಬಹುದು ಅಂತಾನೆ. ಅದೇ ಮಿಷನ್ನಲ್ಲಿ, ಅವನ ಕಣ್ಮುಂದೆ ಬರ್ಬೇಕು." ನನ್ನ ಡಬ್ಬದಲ್ಲಿ ಉಳಿದಿದ್ದದ್ದು ಐದು ಚಿಪ್. ಬೇಕಾದದ್ದು ನಾಲ್ಕು. ಇನ್ನೊಂದು ತಪ್ಪಿಗೆ ಜಾಗವಿರಲಿಲ್ಲ.

ಈ ಸಲ ಒಂದೊಂದು ಅಳತೆಯನ್ನೂ ಎರಡೆರಡು ಸಲ ತೆಗೆದೆ. ಚಿಪ್ ಹಾಕುವ ಮೊದಲು ಖಾಲಿ ಸಾಕೆಟ್ಟುಗಳಲ್ಲೇ ಮೂರು ವೋಲ್ಟೇಜನ್ನೂ ಗುರುತಿನ ಸಮೇತ ನೋಡಿದೆ. ಒಳಗೆ ಮೈನಸ್ ಇರುವ ಒಂಬತ್ತು ವೋಲ್ಟಿನ ಅಡಾಪ್ಟರನ್ನು ನಾನೇ ಕಟ್ಟಿದೆ. ತಪ್ಪಿ ಬೇರೆಯದು ಸಿಕ್ಕಿಸದಿರಲೆಂದು ಪಿನ್ನಿಗೂ ಯಂತ್ರದ ತೂತಿಗೂ ಉಗುರುಬಣ್ಣದ ಒಂದೊಂದು ಚುಕ್ಕೆ ಇಟ್ಟೆ. ಜುಲೈ ಕೊನೆಯ ಶನಿವಾರ ಬೆಳಿಗ್ಗೆ, ಜಯಲಕ್ಷ್ಮಿ ಪಕ್ಕದಲ್ಲಿ ಕೂತಿರುವಾಗ, ಕರೆಂಟು ಕೊಟ್ಟೆ. ಟಿವಿಯ ಪರದೆ ಒಂದು ಕ್ಷಣ ಕಪ್ಪಾಗಿ, ಆಮೇಲೆ ಬೆಳ್ಳಗಾಯಿತು. ಕೆಳಗೆ ತಯಾರಕರ ಹೆಸರಿನ ಸಾಲು ಬಂದು ನಿಂತಿತು.

ಕ್ಯಾಸೆಟ್ಟು ಸುಲಭಕ್ಕೆ ಬಗ್ಗಲಿಲ್ಲ. ಟೇಪಿನಲ್ಲಿರುವ ಪ್ರೋಗ್ರಾಂ ಕೇಳುವುದಕ್ಕೆ ಬರೀ ಕೀರಲು ಸದ್ದು. ಪ್ಲೇಯರಿನಿಂದ ಆ ಸದ್ದು ಯಂತ್ರಕ್ಕೆ ಹೋಗಿ ಮೆಮರಿಯಲ್ಲಿ ಕೂರಬೇಕು. ಮೂರು ಸಲ ಅರ್ಧಕ್ಕೆ ನಿಂತು ತಪ್ಪಾಗಿದೆ ಎಂಬ ಸಾಲು ಬಂತು. ನಾಲ್ಕನೆಯ ಸಲಕ್ಕೆ ನನಗೆ ಭಯವಾಯಿತು, ಹಳೆಯ ಟೇಪು ಪ್ರತಿ ಓಟಕ್ಕೂ ಸವೆಯುತ್ತದೆ.

"ಸದ್ದು ಮಂಕಾಗಿದೆ ಮೇಡಂ," ಎಂದರು ಜಯಲಕ್ಷ್ಮಿ, ಕಣ್ಣು ಮುಚ್ಚಿಕೊಂಡು. "ನಮ್ಮನೆ ಪ್ಲೇಯರ್ ಹೆಡ್ಡು ಸೊಟ್ಟ ಇತ್ತು. ಅದಕ್ಕೆ ತಕ್ಕ ಹಾಗೆ ತಿರುಗ್ಸಿ."

ಹೆಡ್ ಎಂದರೆ ಟೇಪನ್ನು ಓದುವ ಭಾಗ, ಅದರ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಅವರು "ಇನ್ನೂ... ಇನ್ನೂ ಚೂರು... ಚೂಪಾಗ್ಬೇಕು... ಹಾಂ, ನಿಲ್ಸಿ" ಎಂದರು. ಮೂವತ್ತೆಂಟು ವರ್ಷದ ಹಿಂದಿನ ಒಂದು ಕೀರಲು ಸದ್ದು ಅವರ ಕಿವಿಯಲ್ಲಿ ಹಾಗೆಯೇ ಉಳಿದಿತ್ತು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆವು. ಪರದೆಯ ಅಂಚಿನಲ್ಲಿ ಹಳದಿ, ನೀಲಿ ಪಟ್ಟೆಗಳು ಓಡಿದವು. ಪ್ರೋಗ್ರಾಂ ಕೂತಿತು.

ಅದರ ಸಾಲುಗಳನ್ನು ತೋರಿಸಲು ಲಿಸ್ಟ್ ಒತ್ತಿದೆ. ಮೊದಲನೆಯದು ಹತ್ತನೇ ನಂಬರಿನ ಸಾಲು, 'ರೆಮ್' ಎಂದು ಶುರುವಾಗಿತ್ತು. ರೆಮ್ ಎಂದರೆ ಟಿಪ್ಪಣಿ. ಕಂಪ್ಯೂಟರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ಅದು ಮನುಷ್ಯರಿಗಾಗಿ ಬರೆಯುವಂಥದ್ದು. ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಇತ್ತು: ಎಂ. ಜಯಲಕ್ಷ್ಮಿ, ಸೆಕೆಂಡ್ ಪಿಯುಸಿ, 1986. ಆಕೆ ಪರದೆಯನ್ನು ಮುಟ್ಟಿ ನೋಡಿದರು. ಪ್ರೋಗ್ರಾಮಿನ ನಕಲು ಮಾಡಿ ಕೊಡಲೇ ಎಂದು ಕೇಳಿದ್ದಕ್ಕೆ "ಆಮೇಲೆ" ಎಂದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಚಾಮರಾಜಪೇಟೆಯ ಕಟ್ಟಡಕ್ಕೆ ಯಂತ್ರ ಜೋಡಿಸಲು ಹೋದೆ. ಜಯಲಕ್ಷ್ಮಿಯವರೂ ಬಂದಿದ್ದರು, ಕ್ಯಾಸೆಟ್ಟು ಪ್ಲೇಯರಿನ ಸಮೇತ. ಲಾಬಿಯಲ್ಲಿ ಗ್ರಾನೈಟಿನ ಪೀಠ, ಅದರ ಹಿಂದೆ ಒಂದು ಟಿವಿ, ಮೇಲೆ ಫೋಕಸ್ ಲೈಟು. ಮುನಿರಾಜು, ಅವರ ಆರ್ಕಿಟೆಕ್ಟ್, ಆಫೀಸಿನ ನಾಲ್ಕೈದು ಜನ ಸುತ್ತ ನಿಂತರು. ನಾನು ಯಂತ್ರಕ್ಕೆ ಕರೆಂಟು ಕೊಟ್ಟೆ. ಜಯಲಕ್ಷ್ಮಿ ಟೇಪ್ ಹಾಕಿದರು. ಪ್ರೋಗ್ರಾಂ ಬಂತು.

"ಒಂದು ಸೈಟು ಹೇಳಿ ಸಾರ್," ಎಂದ ಆರ್ಕಿಟೆಕ್ಟ್.

"ತರ್ಟಿ ಫಾರ್ಟೀನೇ ಹಾಕು," ಎಂದರು ಮುನಿರಾಜು ಗತ್ತಿನಿಂದ. ಮೂವತ್ತು, ನಲವತ್ತು, ಮೂವತ್ತು, ನಲವತ್ತು ಎಂದು ತಾವೇ ಒತ್ತಿದರು. ಯಂತ್ರ ಐದನೆಯ ಅಳತೆ ಕೇಳಿತು. ಮುನಿರಾಜು ಕಾದರು. ಅದು ಕೇಳಿದ್ದನ್ನೇ ಕೇಳುತ್ತ ನಿಂತಿತ್ತು.

"ಇನ್ನೂ ಸರಿಯಾಗಿಲ್ವಲ್ಲ ಮೇಡಂ. ನಾಲ್ಕೂ ಹಾಕಾಯ್ತು, ಏನೋ ಇನ್ನೊಂದ್ ಕೇಳ್ತಾ ಇದೆ. ಎಲ್ಲೋ ಲೂಸ್ ಕನೆಕ್ಷನ್ ಇರ್ಬೇಕು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಬಾಯಿ ತೆರೆಯುವ ಮೊದಲೇ ಜಯಲಕ್ಷ್ಮಿ ಮುಂದೆ ಬಂದು ನಲವತ್ತೆರಡು ಎಂದು ಒತ್ತಿದರು. ಉತ್ತರ ಬಂತು: 1142. "ಮೂಲೆಯಿಂದ ಮೂಲೆಗೆ ನಲವತ್ತೆರಡೇ ಬಂದ್ರೆ ಸೈಟು ಸೊಟ್ಟ ಅಂತ," ಎಂದರು ಆರ್ಕಿಟೆಕ್ಟಿಗೆ. "ಸಾವಿರದ ಇನ್ನೂರು ಅಂತ ಮಾರ್ತಾರೆ. ಐವತ್ತೆಂಟು ಅಡಿ ಸುಳ್ಳು." ಆ ಹುಡುಗನ ಮುಖ ಅರಳಿತು. "ಕೆಟ್ಟಿಲ್ಲ ಸಾರ್ ಇದು, ಸೂಪರಾಗಿದೆ! ಕೋಡ್ ನೋಡ್ಬಹುದಾ ಮೇಡಂ?" ಎಂದ. ನಾನು ಲಿಸ್ಟ್ ಒತ್ತಿದೆ.

ಅವನು ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. ಆಮೇಲೆ ಕೇಳಿದ, "ಎಂ. ಜಯಲಕ್ಷ್ಮಿ ಯಾರು ಸಾರ್?"

ಮುನಿರಾಜು ನನ್ನ ಕಿವಿಯ ಹತ್ತಿರ ಬಗ್ಗಿದರು. ಸೆಂಟಿನ ವಾಸನೆ ಗಪ್ಪೆಂದು ಬಡಿಯಿತು. "ಆ ಒಂದ್ ಲೈನ್ ತೆಗೆದ್ಬಿಡಿ ಮೇಡಂ. ನಾಳೆ ಮೀಡಿಯಾದೋರು ಬರ್ತಾರೆ."

"ನನ್ನ ಕೆಲಸ ರಿಪೇರಿ," ಎಂದೆ, ಎಲ್ಲರಿಗೂ ಕೇಳುವಂತೆ. "ಕೆಡದೇ ಇರೋದನ್ನ ನಾನು ಮುಟ್ಟಲ್ಲ. ನೀವೇ ಬರೆದದ್ದಲ್ವಾ, ನೀವೇ ತೆಗೀರಿ."

ಈ ಯಂತ್ರದಲ್ಲಿ ಒಂದು ಸಾಲನ್ನು ಅಳಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಸಾಲಿನ ನಂಬರು ಹತ್ತು ಎಂದು ಒತ್ತಿ ಎಂಟರ್ ಒತ್ತಿದರೆ ಸಾಕು. ಮೊದಲ ವಾರವೇ ಕಲಿಯುವ ಪಾಠ ಅದು. ಮುನಿರಾಜು ಡಿ ಅಕ್ಷರ ಒತ್ತಿದರು. ಇದರಲ್ಲಿ ಒಂದು ಕೀಲಿ ಒತ್ತಿದರೆ ಇಡೀ ಆಜ್ಞೆಯ ಪದವೇ ಬರುತ್ತದೆ, ಹಾಗಾಗಿ ಪರದೆಯ ಮೇಲೆ ಬೇರೇನೋ ಬಂತು. ಇನ್ನೊಂದು ಒತ್ತಿದರು. ಮತ್ತೊಂದು. ಪರದೆಯ ಕೆಳಗೆ ಅರ್ಥವಿಲ್ಲದ ಪದಗಳ ಸಾಲು ಬೆಳೆಯುತ್ತ ಹೋಯಿತು. ಹಣೆಯ ಮೇಲೆ ಬೆವರು ಬಂತು. ಕೊನೆಗೆ ತಡೆಯದೆ ಹಿಂದಕ್ಕೆ ತಿರುಗಿ ರೇಗಿದರು.

"ಅಕ್ಕಾ, ಕಂಬದ ಥರ ನಿಂತ್ಕೊಂಡಿದೀಯಲ್ಲ! ಬಂದ್ ಅಳಿಸು ಇದನ್ನ. ಬರ್ದಿರೋಳು ನೀನು, ನಂಗೇನ್ ಗೊತ್ತು ಇದರ ಹಣೇಬರ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೆ ಕೇಳಿಸಿತು. ಆರ್ಕಿಟೆಕ್ಟ್ ನೆಲ ನೋಡಿದ. ಆಫೀಸಿನವರಲ್ಲಿ ಒಬ್ಬಳು ಕೈಯಲ್ಲಿದ್ದ ಪುಸ್ತಿಕೆಯನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿಕೊಂಡಳು.

ಜಯಲಕ್ಷ್ಮಿ ಪೀಠದ ಹತ್ತಿರ ಬಂದರು. ನಾನು ಅವರು ಹತ್ತು ಒತ್ತುತ್ತಾರೆಂದೇ ಹೆದರಿದೆ. ತಮ್ಮನ ಮರ್ಯಾದೆ ಉಳಿಸಲು ತಮ್ಮ ಹೆಸರನ್ನು ತಾವೇ ಅಳಿಸಿದ ಅಕ್ಕಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಕೀಲಿಗಳನ್ನು ಮುಟ್ಟಲಿಲ್ಲ. ಯಂತ್ರದ ಹಿಂದಕ್ಕೆ ಕೈ ಹಾಕಿ ಅಡಾಪ್ಟರಿನ ಪಿನ್ ಎಳೆದರು. ಪರದೆ ಕಪ್ಪಾಯಿತು. ಕರೆಂಟು ಹೋದರೆ ಈ ಯಂತ್ರದ ಮೆಮರಿಯಲ್ಲಿ ಏನೂ ಉಳಿಯುವುದಿಲ್ಲ. ಹತ್ತನೇ ಸಾಲೂ ಹೋಯಿತು, ಮಿಕ್ಕ ಸಾಲುಗಳೂ ಹೋದವು.

"ಹಿಂಗೆ ಅಳಿಸೋದು ಮುನಿ," ಎಂದರು. ಪ್ಲೇಯರಿನಿಂದ ಕ್ಯಾಸೆಟ್ಟು ತೆಗೆದು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದರು.

ಮರುದಿನ ಓಪನಿಂಗು ನಡೆಯಿತಂತೆ. ಪರದೆಯ ಮೇಲೆ ತಯಾರಕರ ಹೆಸರಿನ ಒಂದು ಸಾಲು ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಫೋಟೋ ತೆಗೆದವರಿಗೆ ಅಷ್ಟೇ ಸಾಕಾಯಿತು. ಪುಸ್ತಿಕೆಯನ್ನು ತಿದ್ದಿದರೆಂದು ನಾನು ಕೇಳಿಲ್ಲ. ತಿದ್ದುವ ಜಾತಿಯಲ್ಲ ಅದು. ಜಯಲಕ್ಷ್ಮಿ ಮುಂದಿನ ವಾರ ನಮ್ಮ ಮನೆಗೆ ಬಂದು, ಈಗ ನಕಲು ಮಾಡಿಕೊಡಿ ಎಂದರು. ಅಂದು ಅವರಿಗೆ ಒಳ್ಳೆಯ ಕುರ್ಚಿಯನ್ನೇ ಹಾಕಿದೆ.

ಇಷ್ಟು ವರ್ಷ ದುಡಿದ ಮೇಲೂ ಈ ಕೆಲಸ ನನಗೆ ಹೊಸದೊಂದನ್ನು ಕಲಿಸಿತು. ಅಂಕಿಯ ಜೊತೆ ಗುರುತನ್ನೂ ನೋಡಬೇಕೆಂಬುದು ಮೊದಲ ವರ್ಷವೇ ಕಲಿತದ್ದು, ಅದನ್ನು ಮರೆತದ್ದು ನನ್ನ ನಾಚಿಕೆ. ಹೊಸದೆಂದರೆ ಇದು: ಕೆಟ್ಟ ಯಂತ್ರ ಬಾಗಿಲಿಗೆ ಬಂದರೆ ಅದು ಯಾರದು ಎಂದು ಕೇಳಿ ಪ್ರಯೋಜನವಿಲ್ಲ. ಅದನ್ನು ಓಡಿಸುತ್ತಿದ್ದವರು ಯಾರು ಎಂದು ಕೇಳಬೇಕು. ಅವರು ಬಹಳ ಸಲ ಕುರ್ಚಿಯಲ್ಲಿ ಕೂತಿರುವುದಿಲ್ಲ, ಬಾಗಿಲ ಬಳಿ ಚೀಲ ಹಿಡಿದು ನಿಂತಿರುತ್ತಾರೆ. ಈಗ ನಾನು ಮೊದಲು ಬಾಗಿಲ ಕಡೆ ನೋಡುತ್ತೇನೆ.

ಆ ವರ್ಷದ ಆಯುಧಪೂಜೆಗೂ ಲಾಬಿಯ ಯಂತ್ರಕ್ಕೆ ಕುಂಕುಮ ಮೆತ್ತಿ, ತೀರ್ಥ ಚಿಮುಕಿಸಿ, ಕರೆಂಟು ಕೊಟ್ಟರಂತೆ. ಕೊಡಲಿ. ಒಳಗೆ ಈಗ ಏನೂ ಇಲ್ಲ.